ಹೊಂಗೆದೊಡ್ಡಿಯ ಡೈನೋಸಾರ್ ಮೊಟ್ಟೆ

ಹೊಂಗೆದೊಡ್ಡಿ ಹೈಸ್ಕೂಲಿನ ಜವಾನ ಗಂಗಹನುಮಯ್ಯ ಆ ಸೋಮವಾರ ಹನ್ನೊಂದೂಕಾಲಿಗೇ ಲಾಂಗ್ ಬೆಲ್ ಹೊಡೆದುಬಿಟ್ಟ. ಲಾಂಗ್ ಬೆಲ್ ಅಂದರೆ ಸ್ಕೂಲು ಬಿಟ್ಟಿತು ಅಂತ ಅರ್ಥ. ಇನ್ನೂರ ಹತ್ತು ಮಕ್ಕಳು ಯಾಕೆ, ಏನು ಅಂತ ಒಂದು ಮಾತೂ ಕೇಳದೆ ಚೀಲ ಹೆಗಲಿಗೇರಿಸಿ ಗೇಟು ದಾಟಿದರು. ಅಷ್ಟು ಶಿಸ್ತಿನಿಂದ ಆ ಮಕ್ಕಳು ವರ್ಷದಲ್ಲಿ ಇನ್ನೊಂದು ಕೆಲಸ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಬಿಸಿಯೂಟದ ಸಾರು ಒಲೆ ಮೇಲೆ ಒಂಟಿಯಾಗಿ ಕುದಿಯುತ್ತಿತ್ತು.

"ಏನಾಯ್ತು ಗಂಗಣ್ಣ ನಿಮಗೆ?" ಅಂತ ಹೆಡ್‌ಮೇಡಂ ಶ್ವೇತ ಓಡಿಬಂದರು.

"ಏನಿಲ್ಲ ಮೇಡಂ. ಒಸಿ ಕೈ ಜಾರ್ತು."

ಗಂಟೆ ಮೇಲೆ ಕೈ ಇಪ್ಪತ್ತು ಸಲ ಜಾರುತ್ತದೆಯೇ ಅಂತ ಮೇಡಂ ಕೇಳಲಿಲ್ಲ. ಸಾಧು ಹೆಣ್ಣುಮಗಳು, ಹೋದ ಜೂನಿನಲ್ಲಷ್ಟೇ ಕನಕಪುರದಿಂದ ವರ್ಗವಾಗಿ ಬಂದವರು. ಗಂಗಣ್ಣನ ಕೈ ಜಾರಿದ್ದಕ್ಕೆ ಐದು ನಿಮಿಷದ ಹಿಂದೆ ತಾವೇ ಓದಿ ಹೇಳಿದ ಕಾಗದ ಕಾರಣ ಅನ್ನುವುದು ಅವರಿಗೆ ಹೊಳೆಯುವುದಾದರೂ ಹೇಗೆ?

ಕಾಗದದಲ್ಲಿ ಇದ್ದದ್ದು ಇಷ್ಟೇ. ಗುರುವಾರ ಬೆಂಗಳೂರಿನ ಕಾಲೇಜೊಂದರಿಂದ ಭಾನುಪ್ರಿಯ ಅನ್ನುವ ಭೂಗರ್ಭಶಾಸ್ತ್ರದ ಲೆಕ್ಚರರ್ ಬರುತ್ತಾರೆ. ಲ್ಯಾಬಿನ ಗಾಜಿನ ಬೀರುವಿನಲ್ಲಿರುವ ಇಪ್ಪತ್ತನಾಲ್ಕು ಹಳೇ ಪಳೆಯುಳಿಕೆಗಳನ್ನು ಒಂದೊಂದಾಗಿ ನೋಡಿ, ಯಾವುದು ಯಾವುದು ಅಂತ ಗುರುತು ಹಿಡಿದು ಪಟ್ಟಿ ಮಾಡುತ್ತಾರೆ. ಅವತ್ತೇ, ಅವನ್ನೆಲ್ಲ ಕೂಡಿಟ್ಟ ಅನಂತರಾಜು ಮೇಷ್ಟ್ರಿಗೆ ಊರಿನಿಂದ ಶಾಲು ಹೊದಿಸಿ ಸನ್ಮಾನ.

ಸನ್ಮಾನ ಅಂದರೆ ಯಾರಿಗಾದರೂ ಖುಷಿಯಾಗಬೇಕು. ಗಂಗಹನುಮಯ್ಯ ಮಾತ್ರ ಅದನ್ನು ಕೇಳಿದವನೇ ಹೋಗಿ ಲಾಂಗ್ ಬೆಲ್ ಹೊಡೆದಿದ್ದ.

ಅನಂತರಾಜು ಮೇಷ್ಟ್ರು ಅಂದರೆ ಒಂದು ಕಾಲದಲ್ಲಿ ಈ ಸ್ಕೂಲಿನ ಸೈನ್ಸ್ ಮೇಷ್ಟ್ರು. ರಜಾ ಬಂದರೆ ಸಾಕು, ಹೆಗಲಿಗೊಂದು ಕ್ಯಾನ್ವಾಸ್ ಚೀಲ ಹಾಕಿಕೊಂಡು ಅರಿಯಲೂರು, ತಿರುಚಿರಾಪಳ್ಳಿ ಕಡೆಯ ಬಸ್ಸು ಹತ್ತುತ್ತಿದ್ದರು. ಬರುವಾಗ ಚೀಲದ ತುಂಬ ಕಲ್ಲು. ನಮ್ಮ ರಾಮನಗರದ ಕಡೆ ಕಲ್ಲಿಗೇನು ಬರವೇ? ಸುತ್ತ ಎಲ್ಲಿ ನೋಡಿದರೂ ಬಂಡೆ. ಅಂಥ ಊರಿಗೆ ದುಡ್ಡು ಕೊಟ್ಟು ಬಸ್ಸಿನಲ್ಲಿ ಕಲ್ಲು ತರುವ ಮೇಷ್ಟ್ರನ್ನು ನೋಡಿ ಜನ ನಕ್ಕರು. ಮೇಷ್ಟ್ರು ತಲೆ ಕೆಡಿಸಿಕೊಳ್ಳಲಿಲ್ಲ. "ಇವು ಕಲ್ಲಲ್ಲ ಕಣ್ರಯ್ಯ, ಒಂದು ಕಾಲಕ್ಕೆ ಜೀವ ಇದ್ದವು" ಅನ್ನುತ್ತಿದ್ದರು. ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಮುತ್ತಿನಂಥ ಅಕ್ಷರದ ಚೀಟಿ ಬರೆದು ಅಂಟಿಸಿದ್ದರು.

ಮೂವತ್ತು ವರ್ಷದ ಹಿಂದೆ ಅವರಿಗೆ ಮಾಗಡಿಗೆ ವರ್ಗವಾಯಿತು. ಹೊರಡುವ ದಿನ ಬೀರುವಿನ ಬೀಗದ ಕೈಯನ್ನು ಗಂಗಹನುಮಯ್ಯನ ಅಂಗೈಯಲ್ಲಿಟ್ಟು, "ಗಂಗ, ಇವನ್ನ ನಿನ್ನ ಮಕ್ಕಳ ಥರ ನೋಡ್ಕೊಳಯ್ಯ" ಅಂದರು.

ತಪ್ಪಾದದ್ದು ಇಲ್ಲೇ. ಗಂಗಹನುಮಯ್ಯನಿಗೆ ಆಗಿನ್ನೂ ಮಕ್ಕಳಿರಲಿಲ್ಲ. ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ಹೆಂಡತಿ ಕೆಂಚಮ್ಮನನ್ನು ಕೇಳಿದ. "ಹಬ್ಬಹರಿದಿನ ಅಂದ್ರೆ ಸೀಗೇಕಾಯಿ ಹಾಕಿ ತಲೆಮೇಲೆ ನೀರು ಹುಯ್ತಾರೆ, ಇನ್ನೇನ್ ಮಾಡ್ತಾರೆ?" ಅಂದಳು ಅವಳು. ಆ ವರ್ಷದ ಆಯುಧಪೂಜೆಯ ಹಿಂದಿನ ದಿನ ಊರಿನವರೆಲ್ಲ ನೇಗಿಲು, ಕುಡುಗೋಲು, ಸೈಕಲ್ಲು ತೊಳೆಯುತ್ತಿದ್ದರೆ, ಗಂಗಹನುಮಯ್ಯ ಇಪ್ಪತ್ತನಾಲ್ಕು ಪಳೆಯುಳಿಕೆಗಳನ್ನು ಬಕೀಟಿನ ಬಿಸಿನೀರಿಗೆ ಹಾಕಿ ಸೀಗೇಪುಡಿಯಲ್ಲಿ ಗಸಗಸ ಉಜ್ಜಿದ. ಕಲ್ಲುಗಳು ಫಳಫಳ ಹೊಳೆದವು. ಚೀಟಿಗಳು ನೀರಿನಲ್ಲಿ ತೇಲಿದವು.

ಇಂಗ್ಲಿಷ್ ಬಾರದ ಮನುಷ್ಯ ಏನು ಮಾಡಬೇಕು, ನೀವೇ ಹೇಳಿ. ಚೀಟಿಗಳನ್ನು ಬಿಸಿಲಿಗೆ ಒಣಗಿಸಿದ. ಒಣಗಿದ ಮೇಲೆ ಎದುರಿಗೆ ಹರಡಿಕೊಂಡು ಬಹಳ ಹೊತ್ತು ಯೋಚಿಸಿದ. ಕಡೆಗೆ ತನ್ನ ನ್ಯಾಯಕ್ಕೆ ಸರಿಕಂಡಂತೆ ಉದ್ದ ಚೀಟಿಯನ್ನು ಉದ್ದ ಕಲ್ಲಿಗೂ ಮೋಟು ಚೀಟಿಯನ್ನು ಮೋಟು ಕಲ್ಲಿಗೂ ರಾಗಿ ಗಂಜಿಯಲ್ಲಿ ಅಂಟಿಸಿದ. ಒಂದು ಚೀಟಿಯಲ್ಲಿ ಬರೀ ಒಂದು ಪ್ರಶ್ನೆ ಗುರುತು ಇತ್ತು. ಅದು ಎಲ್ಲಕ್ಕಿಂತ ಮೋಟು. ಹಾಗಾಗಿ ಅದು ಉಗುರಿನಷ್ಟಿದ್ದ ಒಂದು ಚೂಪುಕಲ್ಲಿನ ಪಾಲಿಗೆ ಬಂತು. ಒಂದು ಚೀಟಿ ಮಾತ್ರ ನೀರಿನಲ್ಲಿ ಕರಗೇಹೋಗಿತ್ತು, ಹಾಗಾಗಿ ಒಂದು ಗುಂಡುಕಲ್ಲು ಚೀಟಿಯಿಲ್ಲದೆ ಉಳಿಯಿತು.

ಇಷ್ಟಕ್ಕೇ ಮುಗಿದಿದ್ದರೆ ಗಂಗಹನುಮಯ್ಯ ಗುರುವಾರಕ್ಕೆ ಅಷ್ಟು ಹೆದರಬೇಕಿರಲಿಲ್ಲ. ಮಾರನೇ ದಿನ ಲ್ಯಾಬಿನಲ್ಲಿ ಪೂಜೆ. ಕಾಯಿ ಒಡೆಯಲು ಕಲ್ಲು ಬೇಕು. ಎದುರಿಗೇ, ವಿಭೂತಿ ಬಳಿದು ಕೂರಿಸಿದ್ದ ಮುದ್ದೆ ಗಾತ್ರದ ಆ ಗುಂಡುಕಲ್ಲು ಕಂಡಿತು. ಅದನ್ನು ಕೆಳಗಿಟ್ಟು, ದೇವರನ್ನು ನೆನೆದು, ಕಾಯಿ ಬೀಸಿ ಹೊಡೆದ.

ಕಾಯಿ ಒಡೆಯಲಿಲ್ಲ. ಕಲ್ಲು ಒಡೆಯಿತು.

ಎರಡು ಹೋಳು. ಒಳಗೆ ಸುರುಳಿ ಸುತ್ತಿಕೊಂಡು ಮಲಗಿದ್ದ ನಾಗಪ್ಪ! ಗಂಗಹನುಮಯ್ಯ ಟವೆಲಿನಲ್ಲಿ ಎರಡೂ ಹೋಳು ಮುಚ್ಚಿಕೊಂಡು ಮನೆಗೆ ಓಡಿದ. ಕೆಂಚಮ್ಮ ನೋಡಿದವಳೇ ಕೆನ್ನೆ ಕೆನ್ನೆ ಬಡಿದುಕೊಂಡು, ಹೋಳುಗಳನ್ನು ದೇವರ ಗೂಡಿನಲ್ಲಿಟ್ಟು ಹಾಲೆರೆದಳು. ಏಳು ವರ್ಷದಿಂದ ಬರಿದಾಗಿದ್ದ ಅವಳ ಮಡಿಲು ಮುಂದಿನ ವರ್ಷ ತುಂಬಿತು. ಮಗಳಿಗೆ ನಾಗರತ್ನ ಅಂತ ಹೆಸರಿಟ್ಟರು. ಈಗ ಅವಳು ಸಾತನೂರಿನ ಸೊಸೆ, ಎರಡು ಮಕ್ಕಳ ತಾಯಿ. ಹೀಗಿರುವಾಗ ಆ ಕಲ್ಲನ್ನು ವಾಪಸು ಕೊಡು ಅನ್ನುವ ಗಂಡಸು ಹುಟ್ಟಿಬರಬೇಕಷ್ಟೇ.

ಬೀರುವಿನಲ್ಲಿ ಖಾಲಿಯಾದ ಜಾಗಕ್ಕೆ ಏನು ಇಡುವುದು? ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಗೆಳೆಯ ಮಕ್ಬೂಲ್ ಇದ್ದ. ಅವನು ಗೊಂಬೆಗೆಂದು ಇಟ್ಟಿದ್ದ ಆಲೆಮರದ ತುಂಡನ್ನು ಕಡೆದು, ಅರಗಿನ ಬಣ್ಣ ಹತ್ತಿಸಿ, ಗುಂಡಗೆ ಒಂದು ಮಾಡಿಕೊಟ್ಟ. ಕೈಹದ ಜಾಸ್ತಿಯಾಗಿ ಒಂದು ತುದಿ ಒಸಿ ಚೂಪಾಯಿತು. ಮಕ್ಕಳು ನೋಡಿ "ಇದೇನು ಗಂಗಣ್ಣ?" ಅಂದರು. "ಮೊಟ್ಟೆ" ಅಂದ. "ಯಾರ್ದು?" ಅಂದರು. ಅಲ್ಲಿಗೆ ಸುಮ್ಮನಾಗಿದ್ದರೆ ಗಂಗಣ್ಣ ಗಂಗಣ್ಣನಾಗಿಯೇ ಇರುತ್ತಿದ್ದ. "ಡೈನೋಸಾರ್ದು" ಅಂದುಬಿಟ್ಟ.

ಆ ಮಾತು ಕಾಲು ಬಂದು ಊರೂರು ಸುತ್ತಿತು. ಬಿಡದಿಯಿಂದ, ಕನಕಪುರದಿಂದ ಸ್ಕೂಲು ಮಕ್ಕಳು ನೋಡಲು ಬಂದರು. ಗಂಗಹನುಮಯ್ಯ ಮೊಟ್ಟೆ ಗಂಗಣ್ಣನಾದ. ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. "ಕೈ ಹಚ್ಬ್ಯಾಡಿ, ಮರಿ ಕೆಟ್ಟೋಯ್ತದೆ" ಅನ್ನುತ್ತಿದ್ದ. ಮೂವತ್ತು ವರ್ಷದಲ್ಲಿ ಎಷ್ಟೋ ಸೈನ್ಸ್ ಮೇಷ್ಟ್ರು ಬಂದುಹೋದರು. ಪರೀಕ್ಷೆಗೆ ಬಾರದ ಬೀರುವನ್ನು ತೆಗೆದು ನೋಡಲು ಅವರಿಗೆ ಪುರುಸೊತ್ತಿರಲಿಲ್ಲ.

ಇಂಥ ಹೊತ್ತಿಗೆ ಗುರುವಾರ ಬರುತ್ತಿತ್ತು.

ಮಂಗಳವಾರ ಗಂಗಹನುಮಯ್ಯ ರಜಾ ಹಾಕಿ ಚನ್ನಪಟ್ಟಣಕ್ಕೆ ಓಡಿದ. ಮಕ್ಬೂಲ್ ಲೇತ್ ಮುಂದೆ ಕೂತು ಬುಗುರಿಗೆ ಬಣ್ಣ ಹತ್ತಿಸುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು, ಕೈ ಮಾತ್ರ ಅದೇ ಕೈ.

"ಮಕ್ಬೂಲಣ್ಣ, ನನ್ ಮಾನ ನಿನ್ ಕೈಲೈತೆ. ಆ ಮೊಟ್ಟೆ ಒಳೀಕೆ ಒಸಿ ಸೀಸ ಗೀಸ ತುಂಬಿ ಭಾರ ಮಾಡ್ಕೊಡು. ಎತ್ತುದ್ರೆ ಕಲ್ಲು ಅನ್ನಿಸ್ಬೇಕು."

ಮಕ್ಬೂಲ್ ಲೇತ್ ನಿಲ್ಲಿಸಿದ. "ಅರೆ ಗಂಗಣ್ಣ, ನನ್ನ ಮಾಲು ಮಕ್ಕಳು ಬಾಯಿಗಿಟ್ಟುಕೊಳ್ಳೋದು. ಅದಕ್ಕೆ ಸೀಸ ತುಂಬೋದಾ? ಅಲ್ಲಾ ಮೆಚ್ತಾನಾ?"

"ಮತ್ತೇನ್ ಮಾಡ್ಲಿ?"

"ನಿಜ ಹೇಳು."

"ನಿಜ ಹೇಳುದ್ರೆ ಮೇಷ್ಟ್ರು ಮಕ ಹೆಂಗ್ ನೋಡ್ಲಿ? ಮಕ್ಳಂಗೆ ನೋಡ್ಕೊ ಅಂತ ಕೊಟ್ಟೋರು ಅವ್ರು."

ಮಕ್ಬೂಲ್ ಬುಗುರಿಯನ್ನು ಲೇತಿನಿಂದ ಬಿಡಿಸಿ ಪಕ್ಕಕ್ಕಿಟ್ಟ. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಮೂವತ್ತು ವರ್ಷ ಊರೆಲ್ಲ ನೋಡಿದ್ದು ನನ್ನ ಕೈಕೆಲಸ. ಒಬ್ಬನಾದ್ರೂ ಚೆನ್ನಾಗಿದೆ ಮಕ್ಬೂಲ್ ಅಂದ್ನಾ? ಎಲ್ಲಾ ಡೈನೋಸಾರ್‌ಗೆ ಹೊಗಳಿದ್ರು. ಸುಳ್ಳು ಹೇಳೋದಕ್ಕೆ ನಾನು ಬರಲ್ಲ. ನಿಜ ಹೇಳೋದಾದ್ರೆ ಗುರುವಾರ ಬಂದು ನಿನ್ನ ಪಕ್ಕ ನಿಲ್ತೀನಿ."

ಗಂಗಹನುಮಯ್ಯ ಸಪ್ಪೆ ಮುಖ ಹಾಕಿಕೊಂಡು ಮನೆಗೆ ಬಂದ. ದೇವರ ಗೂಡಿನ ಮುಂದೆ ನಿಂತು ಕೆಮ್ಮಿದ. ಕೆಂಚಮ್ಮನಿಗೆ ಗಂಡನ ಕೆಮ್ಮಿನಲ್ಲೇ ಎಲ್ಲ ಗೊತ್ತಾಯಿತು.

"ಆ ಕಡೀಕ್ ಕಣ್ ಹಾಕ್ಬ್ಯಾಡ. ನನ್ ಮಗ್ಳುನ್ನ ಕೊಟ್ಟ ದೇವ್ರು ಅದು."

"ಮೇಷ್ಟ್ರು ಸ್ವತ್ತು ಕಣೆ."

"ಮೇಷ್ಟ್ರು ಸ್ವತ್ತು ಆಗಿದ್ದಾಗ ಬರೀ ಕಲ್ಲು. ನಾನು ಹಾಲು ಹುಯ್ದ ಮ್ಯಾಕೆ ದೇವ್ರು. ನಿಂಗೆ ಬೇಕಾದ್ರೆ ಕೊಟ್ಗೇಲಿ ಬೇರೆ ಕಲ್ಲು ಐತೆ, ಅದ್ನೇ ತಕಂಡೋಗು."

ಗುರುವಾರ ಬಂದೇಬಿಟ್ಟಿತು. ಸ್ಕೂಲಿನ ಗೇಟಿಗೆ ಶಾಲಾ ಸಮಿತಿಯ ಅಧ್ಯಕ್ಷ ಬೋರಲಿಂಗಯ್ಯ ಇಪ್ಪತ್ತು ಅಡಿಯ ಫ್ಲೆಕ್ಸ್ ಕಟ್ಟಿಸಿದ್ದ: 'ಡೈನೋಸಾರ್ ಕಾಲದ ಮೊಟ್ಟೆ ಇರುವ ಏಕೈಕ ಶಾಲೆಗೆ ಸ್ವಾಗತ'. ಒಂದು ತುದಿಯಲ್ಲಿ ಡೈನೋಸಾರ್ ಬಾಯಿ ಕಳೆದು ನಿಂತಿತ್ತು. ಇನ್ನೊಂದು ತುದಿಯಲ್ಲಿ ಬೋರಲಿಂಗಯ್ಯ ಕೈಮುಗಿದು ನಿಂತಿದ್ದ. ಅವನಿಗೂ ಈ ಮೊಟ್ಟೆಗೂ ಹಳೇ ಋಣ. ಹೆಣ್ಣು ನೋಡಲು ಹೋದಾಗ ಮಾವನ ಮನೆಯವರಿಗೆ ತನ್ನ ಸ್ಕೂಲಿನ ಮೊಟ್ಟೆಯ ವಿಷಯ ಹೇಳಿಯೇ ಅವನು ಅವರ ಮನಸ್ಸು ಗೆದ್ದದ್ದು.

ಅನಂತರಾಜು ಮೇಷ್ಟ್ರನ್ನು ಮಾಗಡಿಯಿಂದ ಕಾರಿನಲ್ಲಿ ಕರೆತಂದರು. ಎಂಬತ್ತೆರಡು ವರ್ಷ. ಕಣ್ಣು ಪೂರ್ತಿ ಮಂಜು. ಕಾರಿಳಿದವರೇ ಗಾಳಿಯಲ್ಲಿ ಕೈ ಆಡಿಸಿ, "ಗಂಗ ಎಲ್ಲಿದ್ದಾನೆ?" ಅಂದರು. ಗಂಗಹನುಮಯ್ಯ ಹೋಗಿ ಕೈ ಹಿಡಿದುಕೊಂಡ.

"ಮಕ್ಕಳು ಚೆನ್ನಾಗಿದ್ದಾವೇನಯ್ಯ?"

"ಅವೆ ಸಾ" ಅಂದ. ಬೇಗಬೇಗ ಅವರನ್ನು ಲ್ಯಾಬಿನ ಕಡೆ ನಡೆಸಿದ.

ಭಾನುಪ್ರಿಯ ಸಣ್ಣ ವಯಸ್ಸಿನ ಚುರುಕು ಹುಡುಗಿ. ಮೇಜಿನ ಮೇಲೆ ಬಿಳೀ ಬಟ್ಟೆ ಹಾಸಿ, ಕೈಗೊಂದು ಭೂತಗನ್ನಡಿ ಹಿಡಿದು ಮೊದಲನೇ ಕಲ್ಲು ಎತ್ತಿಕೊಂಡಳು. ಹುಬ್ಬು ಗಂಟಾಯಿತು. ಎರಡನೆಯದು ಎತ್ತಿಕೊಂಡಳು. ಇನ್ನಷ್ಟು ಗಂಟಾಯಿತು. ಕಿಟಕಿಯಲ್ಲಿ ಊರಿನ ಅರ್ಧ ಜನ ಇಣುಕುತ್ತಿದ್ದರು. ಹೊರಗೆ ಹೆಂಗಸರ ಗುಂಪಿನಲ್ಲಿ ಕೆಂಚಮ್ಮನೂ ಇದ್ದಳು.

"ಇದು ಕಲ್ಲಾದ ಮರದ ತುಂಡು. ಚೀಟಿಯಲ್ಲಿ ಕಪ್ಪೆಚಿಪ್ಪು ಅಂತ ಇದೆ. ಇದು ಶಂಖದ ಹುಳು, ಆದರೆ ಎಲೆ ಅಂತ ಬರೆದಿದೆ. ಇದು ಶಾರ್ಕ್ ಮೀನಿನ ಹಲ್ಲು, ಎಂಥ ಒಳ್ಳೇ ಹಲ್ಲು! ಇದಕ್ಕೆ ಬರೀ ಪ್ರಶ್ನೆ ಗುರುತು ಹಾಕಿದ್ದಾರೆ." ಅವಳು ಸಂಕೋಚದಿಂದ ತಲೆ ಎತ್ತಿದಳು. "ಸರ್, ತಪ್ಪು ತಿಳೀಬೇಡಿ. ಇದುವರೆಗೆ ನೋಡಿದ್ದರಲ್ಲಿ ಒಂದೂ ಸರಿ ಇಲ್ಲ."

ಬೋರಲಿಂಗಯ್ಯ ಕೈಯಲ್ಲಿದ್ದ ಶಾಲನ್ನು ಬಿಚ್ಚುವುದೋ ಬೇಡವೋ ಅಂತ ಮೇಡಂ ಮುಖ ನೋಡಿದ. ಹಿಂದಿನಿಂದ ಯಾರೋ, "ಅಂಗಾರೆ ಮೇಷ್ಟ್ರಿಗೆ ಶಂಖುಕ್ಕೂ ಎಲೇಗೂ ವ್ಯತ್ಯಾಸ ಗೊತ್ತಿರ್ನಿಲ್ವಾ?" ಅಂದರು.

ಮೇಷ್ಟ್ರು ಕುರ್ಚಿಯಲ್ಲಿ ಸಣ್ಣಗಾಗಿಬಿಟ್ಟರು. "ಒಂದೂ ಇಲ್ಲವೇನಮ್ಮ?" ಅಂದರು ಮೆಲ್ಲಗೆ. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವಂತೆ, "ಇರಬಹುದು. ನನಗೆ ಕಲಿಸಿದವರು ಯಾರೂ ಇರಲಿಲ್ಲ. ಪುಸ್ತಕ ನೋಡಿ ಬರೆದೆ. ನನಗೇ ಏನೂ ಗೊತ್ತಿರಲಿಲ್ಲ ಅಂತ ಕಾಣುತ್ತೆ. ಪಾಪ, ಎಷ್ಟು ಮಕ್ಕಳಿಗೆ ತಪ್ಪು ಹೇಳಿಕೊಟ್ಟೆನೋ" ಅಂದರು.

ಅಷ್ಟೇ. ಗಂಗಹನುಮಯ್ಯನಿಗೆ ತಡೆಯಲಾಗಲಿಲ್ಲ.

"ಮೇಷ್ಟ್ರು ಬರ್ದಿದ್ದು ಸರ್ಯಾಗೇ ಇತ್ತು!" ಅಂತ ಗಟ್ಟಿಯಾಗಿ ಕೂಗಿದ. "ಅಂಟ್ಸಿದ್ದು ನಾನು! ಆಯುಧಪೂಜೇಲಿ ಸೀಗೇಕಾಯಿ ಹಾಕಿ ತೊಳ್ದುಬುಟ್ಟೆ ಸಾ, ಚೀಟಿ ಎಲ್ಲಾ ಕಿತ್ಕಬಂದ್ವು. ಇಂಗ್ಲೀಸು ಬರಾಕಿಲ್ಲ. ಉದ್ದುಂದುಕ್ಕೆ ಉದ್ದುಂದು, ಮೋಟುಂದುಕ್ಕೆ ಮೋಟುಂದು ಅಂಟುಸ್ದೆ. ನನ್ ಉಗೀರಿ. ಅವ್ರುನ್ನ ಒಂದ್ ಮಾತೂ ಅನ್ಬ್ಯಾಡಿ!"

ಬೋರಲಿಂಗಯ್ಯ ಎದೆ ಮೇಲೆ ಕೈ ಇಟ್ಟುಕೊಂಡ. "ಓಗ್ಲಿ ಬುಡು ಗಂಗಣ್ಣ. ಚೀಟಿ ಏನಾರ ಆಗ್ಲಿ, ಮೊಟ್ಟೆ ಸರ್ಯಾಗೈತಲ್ಲ?"

ಭಾನುಪ್ರಿಯ ಆಗಲೇ ಮೊಟ್ಟೆಯನ್ನು ಎತ್ತಿ ಬೆರಳಿನಿಂದ ತಟ್ಟಿದ್ದಳು. ಟಕ್ ಟಕ್ ಅಂತು. ಅವಳು ಬಾಯಿ ತೆರೆಯುವ ಮೊದಲೇ ಬಾಗಿಲಿನಿಂದ ಒಂದು ದನಿ ಬಂತು.

"ಆಲೆಮರ ಮೇಡಂ. ಮೇಲೆ ಅರಗು. ತಾಳೆಗರಿಯಲ್ಲಿ ತಿಕ್ಕಿ ಪಾಲಿಶ್ ಕೊಟ್ಟಿದ್ದು." ಮಕ್ಬೂಲ್ ಬಿಳೀ ಜುಬ್ಬಾ ಹಾಕಿಕೊಂಡು ಮದುವೆಗೆ ಬಂದವನಂತೆ ನಿಂತಿದ್ದ. "ನಾನೇ ಮಾಡಿದ್ದು. ಮೂವತ್ತು ವರ್ಷ ಆಯ್ತು, ಒಂದು ಕಡೆ ಬಣ್ಣ ಎದ್ದಿದ್ರೆ ತೋರಿಸಿ."

ಬೋರಲಿಂಗಯ್ಯ ಅಲ್ಲೇ ಇದ್ದ ಬೆಂಚಿನ ಮೇಲೆ ಕುಸಿದ. "ಅಯ್ಯಯ್ಯೋ, ನಮ್ ಮಾವುಂಗೆ ಏನಂತ ಏಳ್ಲಿ? ಲೇ ಗಂಗಣ್ಣ, ಮರಿ ಕೆಟ್ಟೋಯ್ತದೆ ಅಂತ ಏಳ್ತಿದ್ಯಲ್ಲೋ!"

ಊರೆಲ್ಲ ಒಟ್ಟಿಗೆ ಮಾತಾಡಿತು. ಅದರ ನಡುವೆ ಮೇಷ್ಟ್ರ ದನಿ ಯಾರಿಗೂ ಕೇಳಲಿಲ್ಲ, ಪಕ್ಕದಲ್ಲಿದ್ದ ಗಂಗಹನುಮಯ್ಯನೊಬ್ಬನ ಹೊರತು.

"ಗಂಗ, ಅಲ್ಲಿ ಒಂದು ಗುಂಡುಕಲ್ಲಿತ್ತು. ಪ್ರಶ್ನೆ ಗುರುತು ಹಾಕಿದ್ದು ಅದಕ್ಕೆ. ಅದು ಎಲ್ಲಪ್ಪ?"

ಗಂಗಹನುಮಯ್ಯ ಅವರ ಕಾಲ ಬಳಿ ಕುಕ್ಕರುಗಾಲಿನಲ್ಲಿ ಕೂತ. "ಒಡ್ದಾಕ್‌ಬುಟ್ಟೆ ಸಾ. ಅದ್ರ ಮ್ಯಾಲೆ ಕಾಯಿ ಒಡ್ಯಾಕೋದೆ. ಮಕ್ಳಂಗೆ ನೋಡ್ಕೊ ಅಂದ್ರಿ. ನೋಡ್ಕಳಾಕೆ ಬರ್ನಿಲ್ಲ ನಂಗೆ" ಅಂದವನೇ ಚಿಕ್ಕ ಮಗುವಿನಂತೆ ಅತ್ತುಬಿಟ್ಟ.

ಜವಾನ ಅಳುವುದನ್ನು ಯಾರೂ ನೋಡಿರಲಿಲ್ಲ. ಗದ್ದಲ ತಾನಾಗಿ ನಿಂತಿತು. ಕಿಟಕಿಯ ಹತ್ತಿರ ಇದ್ದ ಕೆಂಚಮ್ಮ ಮಾತ್ರ ಅಲ್ಲಿರಲಿಲ್ಲ. ಅವಳ ಮನೆ ಸ್ಕೂಲಿನ ಹಿಂದೆಯೇ. ಐದು ನಿಮಿಷದಲ್ಲಿ ಸ್ಟೀಲ್ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ದಾರಿ ಬಿಡಿಸಿಕೊಂಡು ಒಳಗೆ ಬಂದಳು. ಬಂದವಳು ಗಂಡನನ್ನು ನೋಡಲಿಲ್ಲ.

"ತಕಳಿ ಮೇಷ್ಟ್ರೇ. ಮೂವತ್ತು ವರ್ಸ ಹಾಲೆರ್ದಿವ್ನಿ, ಒಂದಿನಾನೂ ಉಪಾಸ ಕೆಡವಿಲ್ಲ. ಇವ್ರುನ್ನ ಬಯ್ಬ್ಯಾಡಿ."

ತಟ್ಟೆಯಲ್ಲಿ ಕಲ್ಲಿನ ಎರಡೂ ಹೋಳು, ಅರಿಸಿನ, ಕುಂಕುಮ, ಮೇಲೊಂದು ಕಣಗಿಲೆ ಹೂವು. ಭಾನುಪ್ರಿಯ ಚಾಚಿದ ಕೈಯನ್ನು ತಡೆದುಕೊಂಡಳು. "ಒರೆಸಬಹುದಾ ಅಮ್ಮ?"

"ನೀನ್ ಬ್ಯಾಡ ಮಗ, ನಾನೇ ಒರುಸ್ತೀನಿ" ಅಂತ ಕೆಂಚಮ್ಮ ಸೆರಗಿನ ತುದಿಯಿಂದ ಒರೆಸಿದಳು. ಅರಿಸಿನದ ಕೆಳಗಿಂದ ಸುರುಳಿ ಎದ್ದು ಬಂತು. ಒಂದೊಂದು ಗೀರೂ ನಿನ್ನೆ ಕೊರೆದಷ್ಟು ಸ್ಪಷ್ಟ. ಭಾನುಪ್ರಿಯ ಆ ಹೋಳನ್ನು ಎತ್ತಿ ಮೇಷ್ಟ್ರ ಕೈಯಲ್ಲಿಟ್ಟಳು.

ಮೇಷ್ಟ್ರ ಬೆರಳು ಸುರುಳಿಯ ಹೊರಗಿನ ಸುತ್ತಿನಲ್ಲಿ ಹೊರಟು, ಒಳಗೆ, ಇನ್ನೂ ಒಳಗೆ ಹೋಗಿ ನಡುವೆ ನಿಂತಿತು.

"ಇದ್ಯಲ್ಲೋ ಗಂಗ" ಅಂದರು. "ಒಳಗೆ ಇದ್ಯಲ್ಲೋ!"

"ಅಮೋನೈಟ್ ಸರ್" ಅಂದಳು ಭಾನುಪ್ರಿಯ. "ಸಮುದ್ರದ ಜೀವಿ. ಸುಮಾರು ಹತ್ತು ಕೋಟಿ ವರ್ಷದ್ದು. ಕಲ್ಲಿನಲ್ಲಿ ಮೊದಲೇ ಬಿರುಕಿದ್ದಿರಬೇಕು, ಇಷ್ಟು ಸರಿಯಾಗಿ ಸೀಳಿದೆ. ನಾವು ಸುತ್ತಿಗೆ ಹಿಡಿದರೂ ಇಷ್ಟು ಚೆನ್ನಾಗಿ ಬರೋದು ಕಷ್ಟ."

ಮೇಷ್ಟ್ರ ಕೆನ್ನೆ ಒದ್ದೆಯಾಗಿತ್ತು, ಮುಖದ ತುಂಬ ನಗು. "ಸುತ್ತಿಗೆ ಹಿಡಿದು ನಾನು ಎಷ್ಟು ಭಾನುವಾರ ಕೂತಿದ್ದೇನೆ ಗೊತ್ತೇನಮ್ಮ? ಒಳಗೆ ಏನೂ ಇಲ್ಲದೇ ಹೋದರೆ ಅಂತ ಭಯ. ಇದ್ದು, ನನ್ನ ಏಟಿಗೆ ಪುಡಿಯಾದರೆ ಅಂತ ಇನ್ನೊಂದು ಭಯ. ಕೈ ಬರಲಿಲ್ಲ. ಪ್ರಶ್ನೆ ಗುರುತು ಹಾಕಿ ಇಟ್ಟೆ. ಈ ಪುಣ್ಯಾತ್ಮ ಒಂದು ತೆಂಗಿನಕಾಯಿಯಲ್ಲಿ ಕೆಲಸ ಮುಗಿಸಿದ್ದಾನೆ!"

ಬೋರಲಿಂಗಯ್ಯ ಬೆಂಚಿನಿಂದ ಎದ್ದ. "ಅತ್ತು ಕೋಟಿ ವರ್ಸ ಅಂದ್ರಲ್ಲ ಮೇಡಂ, ಅದು ಡೈನೋಸಾರ್ ಕಾಲುದ್ದೇ ತಾನೇ?"

"ಹೌದು."

"ಅಂಗಾರೆ ಅರ್ಧ ಫ್ಲೆಕ್ಸು ಸರ್ಯಾಗೇ ಐತೆ!" ಅಂತ ಶಾಲು ಬಿಚ್ಚಿಯೇ ಬಿಟ್ಟ.

ಮಧ್ಯಾಹ್ನವೆಲ್ಲ ಹೊಸ ಚೀಟಿ ಬರೆಯುವ ಕೆಲಸ ನಡೆಯಿತು. ಈ ಸಲ ಕನ್ನಡದಲ್ಲಿ. ಹಳೇ ಚೀಟಿಗಳಲ್ಲಿ ಮೇಷ್ಟ್ರು ಬರೆದಿದ್ದ ಹೆಸರು ಒಂದೂ ತಪ್ಪಿರಲಿಲ್ಲ, ಅವುಗಳ ಕಲ್ಲು ಮಾತ್ರ ಬೇರೆ ಇದ್ದವು. ಕರಗಿಹೋಗಿದ್ದ ಒಂದು ಹೆಸರನ್ನು ಅವರು ನೆನಪಿನಿಂದಲೇ ಹೇಳಿದರು. ಒಂದೊಂದು ಹೆಸರು ಸರಿಯಾದ ಕಲ್ಲಿಗೆ ಸೇರಿದಾಗಲೂ ಕುರ್ಚಿಯಲ್ಲಿ ಅವರು ಒಂದಿಷ್ಟು ನೆಟ್ಟಗಾದರು. ಮರದ ಮೊಟ್ಟೆಯನ್ನೂ ಬೀರುವಿನಿಂದ ಓಡಿಸಲಿಲ್ಲ. 'ಆಲೆಮರ, ಅರಗಿನ ಬಣ್ಣ, ಚನ್ನಪಟ್ಟಣ. ಮಾಡಿದವರು ಮಕ್ಬೂಲ್' ಅಂತ ಅದಕ್ಕೂ ಚೀಟಿ ಆಯಿತು. ಮಕ್ಬೂಲ್ ಅದನ್ನು ಮೂರು ಸಲ ಓದಿಸಿ ಕೇಳಿಸಿಕೊಂಡ.

ಗುಂಡುಕಲ್ಲಿನ ಒಂದು ಹೋಳಿನಲ್ಲಿ ಜೀವಿ ಇತ್ತು, ಇನ್ನೊಂದರಲ್ಲಿ ಅದರ ಅಚ್ಚು. ಅಚ್ಚಿನ ಹೋಳನ್ನು ಮೇಷ್ಟ್ರು ತಡವಿ ಹುಡುಕಿ ಕೆಂಚಮ್ಮನ ಕಡೆ ಚಾಚಿದರು. "ಇದು ನಿನ್ನ ಗೂಡಿನಲ್ಲೇ ಇರಲಿ ತಾಯಿ. ನಮಗಿಂತ ಚೆನ್ನಾಗಿ ನೋಡಿಕೊಂಡಿದ್ದೀಯ." ಕೆಂಚಮ್ಮ ಎರಡೂ ಕೈಯಲ್ಲಿ ಇಸಕೊಂಡು ಕಣ್ಣಿಗೊತ್ತಿಕೊಂಡಳು.

ಕಡೆಯ ಚೀಟಿಯನ್ನು ಮೇಷ್ಟ್ರು ತಾವೇ ಹೇಳಿ ಬರೆಸಿದರು. "ಅಮೋನೈಟ್. ಅರಿಯಲೂರು. ಕೂಡಿಟ್ಟವರು ಅನಂತರಾಜು. ಒಡೆದವರು..." ಅಂತ ಕೊಂಚ ತಡೆದು, "ಒಡೆದವರು ಗಂಗಹನುಮಯ್ಯ, ಆಯುಧಪೂಜೆಯ ದಿನ, ತೆಂಗಿನಕಾಯಿಯಿಂದ. ಬರಿಯಮ್ಮ, ನಗಬೇಡ" ಅಂದರು.

ಅಂಟಿಸುವ ಕೆಲಸ ಗಂಗಹನುಮಯ್ಯನಿಗೇ ಬಂತು. ಗೋಂದು ಹಚ್ಚಿದ, ಎರಡು ಸಲ ಕಲ್ಲನ್ನು ನೋಡಿ ಅಂಟಿಸಿದ. ಮೇಷ್ಟ್ರು ಚೀಟಿಯ ಅಂಚಿನ ಮೇಲೆ ಬೆರಳಾಡಿಸಿದರು.

"ಸೊಟ್ಟಗಿದೆ ಕಣೋ ಗಂಗ."

"ಕಿತ್ತು ಸರ್ಯಾಗಿ ಅಂಟುಸ್ಲಾ ಸಾ?"

"ಬೇಡ, ಬಿಡು" ಅಂದರು ಮೇಷ್ಟ್ರು, ಅವನ ಕೈ ಹಿಡಿದುಕೊಂಡು. "ಸರಿಯಾದ ಕಲ್ಲಿನ ಮೇಲಿದೆ."